ಹಗ್ಗ ಬರ್ತಿಲ್ವಾ? ಜೋರಾಗಿ ಎಳೀಬೇಡಿ, ಮೊದಲು ಪ್ಲಗ್ ಬಿಚ್ಚಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ನಾನು ಓದಿದ್ದು ಬಿಕಾಂ. ಇಂಜಿನ್ ಬಗ್ಗೆ ಮಾತಾಡೋಕೆ ಇವನ್ಯಾರು ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದ್ರೆ ಕಳೆದ ವರ್ಷ ಜುಲೈನಲ್ಲಿ ನಡೆದಿದ್ದನ್ನ ಕೇಳಿ, ಆಮೇಲೆ ತೀರ್ಮಾನ ಮಾಡಿ.

ಊರಲ್ಲಿ ನಮ್ಮದು ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೀಬೇಕು. ಮೊದಲ ಸುತ್ತು ಮಳೆಗೆ ಮುಂಚೆ, ಎರಡನೇದು ಸುಮಾರು 40-45 ದಿನ ಬಿಟ್ಟು. ಆ ಎರಡನೇ ಸುತ್ತಿಗೆ ಮಳೆ ಬಿಡುವು ಕೊಡಬೇಕಲ್ಲ? ವಾರಗಟ್ಟಲೆ ಕಾದ ಮೇಲೆ ಒಂದು ದಿನ ಬೆಳಿಗ್ಗೆ ಬಿಸಿಲು ಬಂತು. ಔಷಧಿ ಹೊಡೆಯೋರು ಏಳು ಗಂಟೆಗೇ ಬಂದ್ರು. 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ ಹಾಕಿ ಅಪ್ಪ ಕಲಸಿಯೂ ಆಯ್ತು. ಬೋರ್ಡೋ ಕಲಸಿದ ದಿನವೇ ಖಾಲಿ ಮಾಡಬೇಕು, ನಾಳೆಗೆ ಇಟ್ಟರೆ ಪ್ರಯೋಜನ ಇಲ್ಲ.

ಅಪ್ಪ ಸ್ಪ್ರೇಯರ್ ಇಂಜಿನ್ನಿನ ಹಗ್ಗ ಎಳೆದ್ರು. ಅರ್ಧ ಗೇಣು ಬಂದು ಗಕ್ಕನೆ ನಿಂತಿತು. ಇನ್ನೊಂದ್ಸಲ ಎಳೆದ್ರು, ಅಷ್ಟೇ. ಮೂರನೇ ಸಲ ಕಾಲು ಕೊಟ್ಟು ಎಳೆದಾಗ ಮಣಿಕಟ್ಟು ಉಳುಕಿತು. "ನೀನು ಬಾ, ಎಳಿ" ಅಂದ್ರು ನನಗೆ. ಎಳೆಯೋ ಮುಂಚೆ ನಾನು ಊರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೇ: "ಎಳೀಬೇಡ ಮಾರಾಯಾ. ಮೊದ್ಲು ಪ್ಲಗ್ ಬಿಚ್ಚು."

ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಮಾತಿನ ಮೇಲೆ ನಿಂತಿದೆ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಇಡೀ ಲೆಡ್ಜರ್ ಮತ್ತೆ ಬರೆಯಲ್ಲ. ತಪ್ಪು ಯಾವ ಕಡೆ ಇದೆ ಅಂತ ಮೊದಲು ನೋಡ್ತೀವಿ. ಇಲ್ಲೂ ಹಾಗೇ. ಪ್ಲಗ್ ಬಿಚ್ಚಿದ್ರೆ ಸಿಲಿಂಡರಿನೊಳಗೆ ಸಿಕ್ಕಿಕೊಂಡ ಗಾಳಿಗೆ ಹೊರಗೆ ಹೋಗೋಕೆ ದಾರಿ ಸಿಗುತ್ತೆ. ಈಗ ಹಗ್ಗ ಸಲೀಸಾಗಿ ಬಂದ್ರೆ ತೊಂದರೆ ಸಿಲಿಂಡರಿನೊಳಗಿನ ಒತ್ತಡದ್ದು. ಬರಲೇ ಇಲ್ಲ ಅಂದ್ರೆ ಯಾವುದೋ ಭಾಗ ನಿಜವಾಗ್ಲೂ ಸಿಕ್ಕಿಹಾಕ್ಕೊಂಡಿದೆ. ಒಂದೇ ಪರೀಕ್ಷೆಗೆ ಅರ್ಧ ಅನುಮಾನ ಔಟ್.

ಮಾಡೋ ಕ್ರಮ ಹೀಗೆ. ಸ್ವಿಚ್ ಆಫ್ ಮಾಡಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಪ್ಲಗ್ಗಿನ ಕ್ಯಾಪ್ ತೆಗೆದು ದೂರ ಸರಿಸಿ. ಬಯಲಲ್ಲೇ ಮಾಡಿ, ಹತ್ತಿರ ಒಲೆ, ಬೀಡಿ ಏನೂ ಬೇಡ. ಪ್ಲಗ್ ಬಿಚ್ಚಿ, ತೂತಿನ ಎದುರು ಮುಖ ಇಡದೆ ಪಕ್ಕಕ್ಕೆ ನಿಂತು ಹಗ್ಗವನ್ನ ನಿಧಾನಕ್ಕೆ ಎಳೀರಿ.

ನಾನು ಎಳೆದೆ. ಹಗ್ಗ ಬೆಣ್ಣೆ ಹಾಗೆ ಬಂತು, ತೂತಿನಿಂದ ಪೆಟ್ರೋಲ್ ಚಿಮ್ಮಿತು!

ಗಾಳಿಯನ್ನ ಒತ್ತಿ ಚಿಕ್ಕದು ಮಾಡಬಹುದು, ದ್ರವವನ್ನ ಆಗಲ್ಲ. ಲೆಕ್ಕ ನೋಡಿ. 163 ಸಿಸಿ ಇಂಜಿನ್, ಕಂಪ್ರೆಷನ್ 9ಕ್ಕೆ 1 ಅಂತ ಇಟ್ಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ ಸುಮಾರು 20 ಮಿಲಿ, ಅಂದ್ರೆ ನಾಲ್ಕು ಟೀ ಚಮಚ. ಅದಕ್ಕಿಂತ ಜಾಸ್ತಿ ಪೆಟ್ರೋಲೋ ಆಯಿಲ್ಲೋ ಒಳಗೆ ಸೇರಿದ್ರೆ ಪಿಸ್ಟನ್ ಮೇಲೆ ಬರೋಕೇ ಆಗಲ್ಲ. ಆಗ ತಾಕತ್ತು ತೋರಿಸಿದ್ರೆ ಕನೆಕ್ಟಿಂಗ್ ರಾಡ್ ಬಾಗಬಹುದು. ನೂರಿನ್ನೂರು ರೂಪಾಯಲ್ಲಿ ಮುಗಿಯೋದು ಸಾವಿರಗಳಿಗೆ ಹೋಗುತ್ತೆ.

ಪೆಟ್ರೋಲ್ ಒಳಗೆ ಹೋಗಿದ್ದು ಹೇಗೆ? ಇಂಥ ಇಂಜಿನ್ನಲ್ಲಿ ಟ್ಯಾಂಕ್ ಮೇಲಿರುತ್ತೆ, ಕಾರ್ಬೊರೇಟರ್ ಕೆಳಗೆ. ಕಾರ್ಬೊರೇಟರ್ ತುಂಬಿದಾಗ ಫ್ಲೋಟ್ ಮೇಲೆದ್ದು ಒಂದು ಸೂಜಿಯಂಥ ವಾಲ್ವ್ ಮುಚ್ಚುತ್ತೆ. ಅಲ್ಲಿ ಒಂದು ಕಣ ಕಸ ಕೂತ್ರೆ ಮುಚ್ಚಲ್ಲ. ಕಾಕ್ ತೆರೆದೇ ಇದ್ರೆ ರಾತ್ರಿಯಿಡೀ ಹನಿ ಹನಿಯಾಗಿ ಸಿಲಿಂಡರಿಗೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತೆ. ಹಿಂದಿನ ರಾತ್ರಿ ಪೆಟ್ರೋಲ್ ತುಂಬಿಸಿ, ಕಾಕ್ ತೆರೆದಿಟ್ಟು ಮಲಗಿದ್ದು ಯಾರು? ನಾನೇ.

ಡಿಪ್‌ಸ್ಟಿಕ್ ತೆಗೆದ್ರೆ ಆಯಿಲ್ ಮಟ್ಟ ಏರಿತ್ತು, ಪೆಟ್ರೋಲ್ ವಾಸನೆ ಬೇರೆ. ಇದನ್ನ ಮರೀಬೇಡಿ: ಪೆಟ್ರೋಲ್ ಬೆರೆತ ಆಯಿಲ್ ತೆಳ್ಳಗಾಗುತ್ತೆ, ಅದರಲ್ಲೇ ಓಡಿಸಿದ್ರೆ ಇಂಜಿನ್ ಸವೆದುಹೋಗುತ್ತೆ. ಬದಲಾಯಿಸಲೇಬೇಕು. ಪಿಕಪ್‌ನಲ್ಲಿ ಅಡ್ಡ ಮಲಗಿಸಿ ತಂದ ಇಂಜಿನ್ನಲ್ಲಿ ಆಯಿಲ್ಲೇ ಸಿಲಿಂಡರಿಗೆ ನುಗ್ಗಿರಬಹುದು. ಅದಕ್ಕೂ ಇದೇ ಪರೀಕ್ಷೆ.

ಸರಿ, ಪ್ಲಗ್ ಬಿಚ್ಚಿದಾಗ ಸಲೀಸು, ದ್ರವ ಏನೂ ಬರಲಿಲ್ಲ, ಪ್ಲಗ್ ಹಾಕಿದ್ರೆ ಮತ್ತೆ ಗಟ್ಟಿ? ಆಗ ವಾಲ್ವ್ ಗ್ಯಾಪ್ ನೋಡಿಸಿ. ತುಂಬಾ ಫೋರ್ ಸ್ಟ್ರೋಕ್ ಇಂಜಿನ್‌ಗಳಲ್ಲಿ ಹಗ್ಗ ಎಳೆಯುವಾಗ ವಾಲ್ವನ್ನ ಕೂದಲೆಳೆಯಷ್ಟು ಎತ್ತಿ ಒತ್ತಡ ಕಮ್ಮಿ ಮಾಡೋ ಪುಟ್ಟ ವ್ಯವಸ್ಥೆ ಕ್ಯಾಮ್‌ಶಾಫ್ಟ್ ಮೇಲಿರುತ್ತೆ. ಗ್ಯಾಪ್ ಜಾಸ್ತಿಯಾದ್ರೆ ಆ ಎತ್ತುವಿಕೆ ವಾಲ್ವ್‌ವರೆಗೆ ಮುಟ್ಟೋದೇ ಇಲ್ಲ. ಉದಾಹರಣೆಗೆ ಹೋಂಡಾ ಜಿಎಕ್ಸ್160ರಲ್ಲಿ ಇಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.15 ಮಿಮೀ, ಎಕ್ಸಾಸ್ಟ್ 0.20 ಮಿಮೀ ಇರಬೇಕು. ನಿಮ್ಮ ಇಂಜಿನ್ನಿನ ಲೆಕ್ಕ ಅದರ ಮ್ಯಾನುಯಲ್‌ನಲ್ಲಿ ಸಿಗುತ್ತೆ.

ಇನ್ನು ಎರಡನೇ ದಾರಿ. ಪ್ಲಗ್ ಬಿಚ್ಚಿದ್ರೂ ಹಗ್ಗ ಬರ್ತಿಲ್ಲ. ಮೊದಲು ಪಂಪಿನ ಬೆಲ್ಟ್ ಕಳಚಿ ನೋಡಿ, ಜಾಮ್ ಆಗಿರೋದು ಪಂಪೇ ಇರಬಹುದು. ಆಗ್ಲೂ ಇಲ್ವಾ? ಹಗ್ಗದ ಸ್ಟಾರ್ಟರ್ ಕವರ್ ಬಿಚ್ಚಿ ಫ್ಲೈವೀಲನ್ನ ಕೈಯಲ್ಲಿ ತಿರುಗಿಸಿ. ತಿರುಗಿದ್ರೆ ಇಂಜಿನ್ ಸರಿ ಇದೆ, ಹಾಳಾಗಿರೋದು ಸ್ಟಾರ್ಟರ್ ಮಾತ್ರ. ತಿರುಗಲಿಲ್ಲ ಅಂದ್ರೆ ತುಕ್ಕು ಅಥವಾ ಸೀಜ್. ತಿಂಗಳುಗಟ್ಟಲೆ ಥಂಡಿ ಕೊಟ್ಟಿಗೆಯಲ್ಲಿ ಬಿದ್ದಿದ್ದಾದ್ರೆ ಪ್ಲಗ್ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ, ಬೆಳಿಗ್ಗೆ ನಿಧಾನಕ್ಕೆ ಹಿಂದೆ ಮುಂದೆ ಅಲ್ಲಾಡಿಸಿ. ಕಳೆ ಹೊಡೆಯೋ ಟೂ ಸ್ಟ್ರೋಕ್ ಮೆಷಿನ್ನಿಗೆ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿ ಓಡಿಸಿದ್ರೆ ಪಿಸ್ಟನ್ ಸೀಜ್ ಆಗಿರುತ್ತೆ. ಸೈಲೆನ್ಸರ್ ಬಿಚ್ಚಿ ಆ ಕಿಂಡಿಯಿಂದ ಟಾರ್ಚ್ ಹಾಕಿದ್ರೆ ಪಿಸ್ಟನ್ ಮೇಲಿನ ಗೀರು ಕಾಣಿಸುತ್ತೆ. ಅದು ಮೆಕ್ಯಾನಿಕ್ ಕೆಲಸ, ಅಲ್ಲಿಗೆ ಕೈ ಬಿಡಿ.

ಹಗ್ಗ ಬರುತ್ತೆ, ಆದ್ರೆ ರಪ್ ಅಂತ ಕೈಯನ್ನೇ ವಾಪಸ್ ಎಳ್ಕೊಳ್ಳುತ್ತೆ ಅನ್ನೋದು ಬೇರೆ ಕಥೆ. ಫ್ಲೈವೀಲಿನ ಕೀ ತುಂಡಾಗಿ ಕಿಡಿ ಬೇಗ ಹಾರ್ತಿರಬಹುದು. ಹಾಗಿದ್ರೆ ಮತ್ತೆ ಎಳೆಯೋ ಸಾಹಸ ಬೇಡ, ಬೆರಳು ಮುರಿಯುತ್ತೆ.

ನಮ್ಮನೆ ಕಥೆ ಏನಾಯ್ತು? ಪೆಟ್ರೋಲ್ ಹೊರಗೆ ಹಾಕಿ, ಪ್ಲಗ್ ಒರೆಸಿ, ಸೂಜಿ ವಾಲ್ವ್ ಕ್ಲೀನ್ ಮಾಡಿ, ಪೇಟೆಯಿಂದ ಹೊಸ ಆಯಿಲ್ ತಂದು ಹಾಕೋ ಹೊತ್ತಿಗೆ ಹನ್ನೊಂದು ಗಂಟೆ. ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯ್ತು. ಮೂರು ಗಂಟೆಗೆ ಮಳೆ ಬಂತು, ಅಷ್ಟರಲ್ಲಿ ಅರ್ಧ ತೋಟ ಆಗಿತ್ತು. ಉಳಿದರ್ಧಕ್ಕೆ ಮತ್ತೆ ಆರು ದಿನ ಕಾದ್ವಿ. ಆ ಕಡೆ ಒಂದಷ್ಟು ಕಾಯಿ ಉದುರಿತು. ಅದು ನನ್ನ ಲೆಕ್ಕಕ್ಕೇ.

ಅಪ್ಪನ ಮಣಿಕಟ್ಟು ಸರಿಯಾಗೋಕೆ ತಿಂಗಳು ಹಿಡೀತು. ಈಗ ರಾತ್ರಿ ನಾನು ಮಲಗೋಕೆ ಹೊರಟ್ರೆ ಅವರದ್ದು ಒಂದೇ ಪ್ರಶ್ನೆ: "ಕಾಕ್ ಬಂದ್ ಮಾಡಿದ್ಯಾ?"

ನಿಮ್ಮ ಮನೇಲೂ ಇಂಥ ಇಂಜಿನ್ ಇದ್ರೆ, ಅದನ್ನ ಎಳೆಯೋರಿಗೆ ಈ ಸಂಚಿಕೆ ಕೇಳಿಸಿ. ಮುಂದಿನ ವಾರ ಸಿಗೋಣ.