ಇನ್ನೂರೊಂದು ಅಂಕಿಗಳ ಸಂಖ್ಯೆಯೂ ಒಂಬತ್ತರ ಕಾವಲೂ

ಸಿಯಾಲ್ದಾ ನಿಲ್ದಾಣದಿಂದ ದೆಹಲಿಗೆ ಹೊರಡುವ ರಾಜಧಾನಿ ಎಕ್ಸ್‌ಪ್ರೆಸ್ಸಿನ ಸಂಖ್ಯೆ 12313. ಜನಸಂದಣಿಯ ನಡುವೆ ಅವಸರದಿಂದ ಮುಂಗಡ ಟಿಕೆಟಿನ ಅರ್ಜಿ ತುಂಬುವವರೊಬ್ಬರು ಎರಡನೆಯ ಹಾಗೂ ಮೂರನೆಯ ಅಂಕಿಗಳನ್ನು ಅದಲುಬದಲು ಮಾಡಿ 13213 ಎಂದು ಬರೆದರೆಂದು ಭಾವಿಸಬಹುದು. ಇವೆರಡರ ವ್ಯತ್ಯಾಸ 900. ಅದು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇದು ಆಕಸ್ಮಿಕವಲ್ಲ. ಯಾವ ಪೂರ್ಣಸಂಖ್ಯೆಯ ಅಂಕಿಗಳನ್ನು ಹೇಗೆ ಸ್ಥಳಾಂತರಿಸಿದರೂ ವ್ಯತ್ಯಾಸವು 9ರ ಗುಣಕವೇ ಆಗಿರುತ್ತದೆ. 10, 100, 1000 ಇವುಗಳಲ್ಲಿ ಯಾವುದನ್ನು 9ರಿಂದ ಭಾಗಿಸಿದರೂ ಉಳಿಯುವುದು 1. ಆದುದರಿಂದ ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷವೂ, ಅದರ ಅಂಕಿಗಳ ಮೊತ್ತವನ್ನು ಭಾಗಿಸಿದಾಗ ಬರುವ ಶೇಷವೂ ಒಂದೇ.

ಬ್ಯಾಂಕಿನ ಲೆಡ್ಜರುಗಳನ್ನು ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಈ ಗುಣವೇ ಗುಮಾಸ್ತರ ಆಪದ್ಬಾಂಧವ. ಸಂಜೆ ತಾಳೆಪಟ್ಟಿಯಲ್ಲಿ 540 ರೂಪಾಯಿ ಹೊಂದದೆ ಹೋದರೆ, ಅದು 9ರಿಂದ ಭಾಗವಾಗುವುದನ್ನು ಕಂಡೊಡನೆ, 1,820 ಎಂಬುದು ಎಲ್ಲೋ 1,280 ಎಂದು ಇಳಿದಿರಬಹುದೆಂಬ ಸಂಶಯ ಹುಟ್ಟುತ್ತಿತ್ತು. ಮೊದಲು ಅಂಥ ಬರಹವನ್ನೇ ಹುಡುಕುತ್ತಿದ್ದರು.

ಸಂಖ್ಯೆ ಎಷ್ಟೇ ದೊಡ್ಡದಾದರೂ ಈ ನಿಯಮ ತಪ್ಪದು. 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ, ಬೆಂಗಳೂರಿನ ಶಕುಂತಲಾದೇವಿಯವರ (1929–2013) ಮುಂದೆ 201 ಅಂಕಿಗಳ ಸಂಖ್ಯೆಯೊಂದನ್ನಿಟ್ಟು ಅದರ 23ನೆಯ ಮೂಲವನ್ನು ಕೇಳಲಾಯಿತು. ಎಂದರೆ, ಯಾವ ಸಂಖ್ಯೆಯನ್ನು 23 ಬಾರಿ ಬರೆದು ಗುಣಿಸಿದರೆ ಆ ಬೃಹತ್ಸಂಖ್ಯೆ ದೊರೆಯುವುದೋ ಅದು. ಸರ್ಕಸ್ ಕಲಾವಿದರ ಮಗಳಾಗಿ ಬೆಳೆದು, ಕ್ರಮಬದ್ಧ ಶಾಲಾಶಿಕ್ಷಣ ಪಡೆಯದ ಆಕೆ 50 ಸೆಕೆಂಡುಗಳಲ್ಲಿ ಉತ್ತರವಿತ್ತರು: 546372891.

ಈ ಉತ್ತರದಲ್ಲಿ 1ರಿಂದ 9ರವರೆಗಿನ ಅಂಕಿಗಳೆಲ್ಲವೂ ಒಂದೊಂದೇ ಬಾರಿ ಬಂದಿರುವುದನ್ನು ಓದುಗರು ಗಮನಿಸಬಹುದು. ಅವುಗಳ ಮೊತ್ತ 45; ಆದುದರಿಂದ ಇದು 9ರಿಂದ ಭಾಗವಾಗುತ್ತದೆ. ಇದರಿಂದಾದ ಬೃಹತ್ಸಂಖ್ಯೆಯನ್ನಂತೂ 9ರಿಂದ ಒಂದರ ಮೇಲೊಂದರಂತೆ 23 ಬಾರಿ ಭಾಗಿಸಿದರೂ ಶೇಷ ಉಳಿಯದು. ಮೂಲದ ಬಿಡಿಸ್ಥಾನದಲ್ಲಿ 1 ಇರುವುದರಿಂದ ಬೃಹತ್ಸಂಖ್ಯೆಯ ಕೊನೆಯ ಅಂಕಿಯೂ 1 ಆಗಲೇಬೇಕು. ಮೇಲಾಗಿ, 201 ಅಂಕಿಗಳೆಂದು ತಿಳಿದೊಡನೆಯೇ ಮೂಲವು 49 ಕೋಟಿಗಿಂತ ಹೆಚ್ಚು, 55 ಕೋಟಿಗಿಂತ ಕಡಿಮೆ ಎಂದು ಲೆಕ್ಕ ಹಾಕಬಹುದು. ಹೀಗೆ ಆದಿ ಅಂತ್ಯಗಳನ್ನು ಗಣಿತವು ಯಾರಿಗಾದರೂ ತೋರಿಸಿಕೊಡುತ್ತದೆ. ನಡುವಿನ ಅಂಕಿಗಳನ್ನು ಅಷ್ಟು ಬೇಗ ಕಂಡುಕೊಂಡದ್ದು ಆಕೆಯ ಪ್ರತಿಭೆ.

ಆದರೂ ಒಂದು ಎಚ್ಚರಿಕೆ ಅವಶ್ಯ. ಅಂಕಿಗಳು ಸ್ಥಳ ಬದಲಿಸಿದರೂ ಅವುಗಳ ಮೊತ್ತ ಬದಲಾಗದು. ಆದಕಾರಣ ಊರಿನಲ್ಲಿರುವ ತಾಯಿತಂದೆಯರಿಗೆ ಹಣ ಕಳುಹಿಸುವಾಗ ಖಾತೆಯ ಸಂಖ್ಯೆಯಲ್ಲಿ ಎರಡು ಅಂಕಿಗಳು ಅದಲುಬದಲಾದರೆ, ಅಂಕಿಗಳನ್ನು ಕೂಡಿ ನೋಡುವುದರಿಂದ ತಪ್ಪು ಸಿಕ್ಕದು. ಹಣ ಅನ್ಯರ ಪಾಲಾಗಬಹುದು. ಅಲ್ಲಿ ಒಂಬತ್ತರ ಕಾವಲು ಸಾಲದು. ಒಂದೊಂದೇ ಅಂಕಿಯನ್ನು ಬೆರಳಿಟ್ಟು ಎರಡು ಬಾರಿ ಓದುವುದೇ ಕ್ಷೇಮ.

ಸಿಯಾಲ್ದಾದಲ್ಲಿ ಲೋಕಲ್ ರೈಲಿಗಾಗಿ ಕಾಯುವ ಹೊತ್ತಿನಲ್ಲಿ ಮಗುವಿನ ಕೈಗೆ ಟಿಕೆಟ್ಟಿತ್ತು ಅದರ ಮೇಲಿನ ಸಂಖ್ಯೆ 9ರಿಂದ ಭಾಗವಾಗುವುದೇ ಎಂದು ಕೇಳಬಹುದು. ದೊಡ್ಡ ಸಂಖ್ಯೆಯ ಭಯ ಬಿಡಿಸಲು ಅಷ್ಟು ಸಾಕು.