ಪುರಸ್ಕಾರದ ಬದಲಾವಣೆ ಮತ್ತು ಕಲಿಕೆಯ ಸ್ಥಿರತೆ: ಯಂತ್ರಗಳ ಬಲವರ್ಧನ ಕಲಿಕೆಯ ಒಂದು ಸಮಸ್ಯೆ

ಯಂತ್ರಗಳು ಅನುಭವದಿಂದ ಕಲಿಯುವ ವಿಧಾನಗಳಲ್ಲಿ ‘ರಿಇನ್‌ಫೋರ್ಸ್‌ಮೆಂಟ್ ಲರ್ನಿಂಗ್’ ಎಂಬುದಕ್ಕೆ ವಿಶಿಷ್ಟ ಸ್ಥಾನವಿದೆ. ಇದನ್ನು ಕನ್ನಡದಲ್ಲಿ ಬಲವರ್ಧನ ಕಲಿಕೆ ಎನ್ನಬಹುದು. ಇಲ್ಲಿ ಸರಿಯಾದ ಉತ್ತರವನ್ನು ಯಾರೂ ಯಂತ್ರಕ್ಕೆ ಹೇಳಿಕೊಡುವುದಿಲ್ಲ. ಅದು ಕೈಗೊಂಡ ಕ್ರಿಯೆಗೆ ಒಂದು ಅಂಕ ದೊರೆಯುತ್ತದೆ. ಈ ಅಂಕವೇ ಪುರಸ್ಕಾರ. ದೀರ್ಘಾವಧಿಯಲ್ಲಿ ಒಟ್ಟು ಪುರಸ್ಕಾರ ಹೆಚ್ಚುವಂತೆ ಯಂತ್ರವು ತನ್ನ ವರ್ತನೆಯನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ರಿಚರ್ಡ್ ಸಟನ್ ಮತ್ತು ಆಂಡ್ರ್ಯೂ ಬಾರ್ಟೊ ಅವರು ೧೯೯೮ರಲ್ಲಿ ಪ್ರಕಟಿಸಿದ ಗ್ರಂಥವು ಈ ಶಾಸ್ತ್ರದ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಒದಗಿಸಿತು. ಸರಳ ಮಾದರಿಗಳಲ್ಲಿ ಪುರಸ್ಕಾರದ ನಿಯಮ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುತ್ತದೆ. ಪ್ರಯೋಗದಲ್ಲಾದರೋ ತರಬೇತಿ ನಡೆಯುತ್ತಿರುವಾಗಲೇ ಆ ನಿಯಮವನ್ನು ತಿದ್ದಬೇಕಾಗುತ್ತದೆ. ಆಗ ಅದುವರೆಗಿನ ಕಲಿಕೆ ಕುಸಿಯದಂತೆ ಕಾಯುವುದು ಹೇಗೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಕಲಿಯುವ ಯಂತ್ರವು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ತನ್ನಲ್ಲಿ ಉಳಿಸಿಕೊಂಡಿರುತ್ತದೆ. ಯಾವ ಸ್ಥಿತಿಯಲ್ಲಿ ಯಾವ ಕ್ರಿಯೆಯನ್ನು ಕೈಗೊಳ್ಳಬೇಕೆಂಬುದು ಮೊದಲನೆಯದು; ಇದು ಕಾರ್ಯನೀತಿ. ಆ ಸ್ಥಿತಿಯಿಂದ ಮುಂದೆ ಒಟ್ಟು ಎಷ್ಟು ಪುರಸ್ಕಾರ ಬಂದೀತೆಂಬ ನಿರೀಕ್ಷೆ ಎರಡನೆಯದು, ಇದು ಮೌಲ್ಯಾಂದಾಜು. ಪ್ರತಿ ಹೆಜ್ಜೆಗೂ ೧ ಅಂಕವೆಂದೂ, ಒಂದೊಂದು ಹೆಜ್ಜೆ ದೂರವಾದಂತೆ ಅಂಕವನ್ನು ೦.೯೯ರಿಂದ ಗುಣಿಸಬೇಕೆಂದೂ ಇಟ್ಟುಕೊಂಡರೆ ಒಟ್ಟು ಮೌಲ್ಯ ೧೦೦ ಆಗುತ್ತದೆ. ಈಗ ಅಂಕವನ್ನು ೧೦ಕ್ಕೆ ಏರಿಸಿದರೆ ನಿಜವಾದ ಮೌಲ್ಯ ೧,೦೦೦; ಯಂತ್ರದ ಅಂದಾಜು ಮಾತ್ರ ಇನ್ನೂ ೧೦೦. ಒಂದು ಹೆಜ್ಜೆಯಲ್ಲಿ ಕೈಗೆ ಬಂದದ್ದು ೧೦, ಮುಂದಿನ ಸ್ಥಿತಿಯ ಅಂದಾಜು ೯೯, ಒಟ್ಟು ೧೦೯. ಹೀಗಾಗಿ ಕೈಗೊಂಡ ಕ್ರಿಯೆ ಯಾವುದೇ ಆಗಿರಲಿ, ಅದು ನಿರೀಕ್ಷೆಗಿಂತ ೯ ಅಂಕ ಮೇಲಾಗಿ ಕಾಣುತ್ತದೆ. ಯೋಗ್ಯ ಕ್ರಿಯೆಯಂತೆಯೇ ಆಕಸ್ಮಿಕವಾಗಿ ಘಟಿಸಿದ ತಪ್ಪು ಕ್ರಿಯೆಯೂ ಬಲಗೊಳ್ಳುತ್ತದೆ. ಅಂಕವನ್ನು ಇಳಿಸಿದರೆ ಎಲ್ಲವೂ ತಪ್ಪೆಂದು ತೋರುತ್ತದೆ. ಅಸ್ಥಿರತೆಯ ಒಂದು ಮುಖ್ಯ ಮೂಲವು ಹೊಸ ಪುರಸ್ಕಾರವನ್ನು ಹಳೆಯ ನಿರೀಕ್ಷೆಯಿಂದ ಅಳೆಯುವುದರಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬದಲಾದುದು ಕೇವಲ ಅಳತೆಯಾಗಿದ್ದರೆ ಪರಿಹಾರ ಕಷ್ಟವಲ್ಲ. ೧೯೫೭ರ ಏಪ್ರಿಲ್ ೧ರಂದು ನಮ್ಮಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು ೧೬ ಆಣೆಯ ರೂಪಾಯಿ ೧೦೦ ನಯಾಪೈಸೆಯದಾಯಿತು. ನಾಲ್ಕಾಣೆ ೨೫ ನಯಾಪೈಸೆಯಾಯಿತೇ ಹೊರತು ರೂಪಾಯಿಯ ಬೆಲೆ ಬದಲಾಗಲಿಲ್ಲ. ಹಳೆಯ ಲೆಕ್ಕವನ್ನು ಹೊಸ ನಾಣ್ಯಕ್ಕೆ ಪರಿವರ್ತಿಸಿಕೊಂಡರೆ ಸಾಕಾಗಿತ್ತು. ೨೦೧೬ರಲ್ಲಿ ಹಾಡೊ ವಾನ್ ಹ್ಯಾಸೆಲ್ಟ್ ಮತ್ತು ಸಂಗಡಿಗರು ಮಂಡಿಸಿದ ‘ಪಾಪ್-ಆರ್ಟ್’ ವಿಧಾನದ ತತ್ತ್ವವೂ ಇದೇ. ಅಂದಾಜುಗಳ ಸರಾಸರಿ ಮತ್ತು ಹರವಿಗೆ ತಕ್ಕಂತೆ ಅಳತೆಯನ್ನು ಹೊಂದಿಸುವಾಗ, ನರಜಾಲದ ಕೊನೆಯ ಪದರವನ್ನೂ ಅದಕ್ಕೆ ಪ್ರತಿಯಾಗಿ ತಿದ್ದಲಾಗುತ್ತದೆ. ಅಳತೆ ಬದಲಾದರೂ ಗಳಿಸಿದ ಅಂದಾಜು ಅಳಿಯುವುದಿಲ್ಲ. ಇದಕ್ಕೆ ಮುನ್ನ, ೨೦೧೫ರಲ್ಲಿ ಪ್ರಕಟವಾದ ೪೯ ಅಟಾರಿ ಆಟಗಳ ಪ್ರಯೋಗದಲ್ಲಿ ಧನಾಂಕಗಳನ್ನೆಲ್ಲ +೧ ಎಂದೂ ಋಣಾಂಕಗಳನ್ನೆಲ್ಲ –೧ ಎಂದೂ ಕತ್ತರಿಸಲಾಗಿತ್ತು. ಕಲಿಕೆ ಸ್ಥಿರವಾಯಿತು, ಆದರೆ ‘ಮಿಸ್ ಪ್ಯಾಕ್‌ಮ್ಯಾನ್’ ಆಟದಲ್ಲಿ ೧೦ ಅಂಕದ ಗುಳಿಗೆಯೂ ೨೦೦ರಿಂದ ೧,೬೦೦ ಅಂಕದ ಭೂತವೂ ಯಂತ್ರಕ್ಕೆ ಒಂದೇ ಆದವು. ಸ್ಥಿರತೆಗಾಗಿ ಅರ್ಥವನ್ನೇ ತೆತ್ತುದಕ್ಕೆ ಇದು ನಿದರ್ಶನ.

ಎರಡನೆಯ ಬಗೆಯ ಬದಲಾವಣೆಯಲ್ಲಿ, ಕಲಿಕೆ ಬೇಗ ಸಾಗಲೆಂದು ಮೂಲ ಪುರಸ್ಕಾರಕ್ಕೆ ಉತ್ತೇಜಕ ಅಂಕಗಳನ್ನು ಸೇರಿಸಲಾಗುತ್ತದೆ. ರಾಂಡ್ಲಾವ್ ಮತ್ತು ಆಲ್‌ಸ್ಟ್ರಾಮ್ ಅವರ ೧೯೯೮ರ ಪ್ರಯೋಗದಲ್ಲಿ ಕಂಪ್ಯೂಟರಿನೊಳಗಿನ ಸೈಕಲ್ ಸವಾರನಿಗೆ ಗುರಿಯತ್ತ ಸಾಗಿದರೆ ಅಂಕವಿತ್ತು, ದೂರ ಸರಿದರೆ ದಂಡವಿರಲಿಲ್ಲ. ಸವಾರ ಹೊರಟ ಜಾಗದ ಸುತ್ತ ವೃತ್ತಾಕಾರವಾಗಿ ಸುತ್ತುವುದನ್ನು ಕಲಿತ. ೧೯೯೯ರಲ್ಲಿ ಆಂಡ್ರ್ಯೂ ಇಂಗ್, ದೈಶಿ ಹರಾಡ ಮತ್ತು ಸ್ಟುವರ್ಟ್ ರಸೆಲ್ ಇದಕ್ಕೆ ಗಣಿತದ ಉತ್ತರ ಕೊಟ್ಟರು. ಪ್ರತಿ ಸ್ಥಿತಿಗೂ ಒಂದು ಎತ್ತರವನ್ನು ಗೊತ್ತುಪಡಿಸಿ, ಎರಡು ಸ್ಥಿತಿಗಳ ಎತ್ತರದ ವ್ಯತ್ಯಾಸವನ್ನಷ್ಟೇ (ಮುಂದಿನದನ್ನು ಕಡಿತದ ಗುಣಕದಿಂದ ಗುಣಿಸಿ) ಉತ್ತೇಜಕವಾಗಿ ಕೊಟ್ಟರೆ ಅತ್ಯುತ್ತಮ ಕಾರ್ಯನೀತಿ ಬದಲಾಗದು. ಘಟ್ಟ ಹತ್ತಿ ಇಳಿದು ಹೊರಟಲ್ಲಿಗೇ ಬಂದವನಿಗೆ ಏರಿದ ಎತ್ತರ ಉಳಿಯುವುದಿಲ್ಲವಷ್ಟೆ.

ಮೂರನೆಯದು ಗುರಿಯೇ ಬದಲಾಗುವ ಸಂದರ್ಭ. ಇಲ್ಲಿ ಹಳೆಯ ಅಂದಾಜನ್ನು ಪರಿವರ್ತಿಸುವ ಸೂತ್ರವಿರುವುದಿಲ್ಲ. ಬದಲಾವಣೆಯ ವೇಗವನ್ನು ತಡೆಯುವುದೇ ಉಪಾಯ. ಜಾನ್ ಶುಲ್ಮನ್ ಮತ್ತು ಸಂಗಡಿಗರು ೨೦೧೭ರಲ್ಲಿ ರೂಪಿಸಿದ ‘ಪಿಪಿಒ’ ವಿಧಾನದಲ್ಲಿ ಒಂದು ಕ್ರಿಯೆಯ ಹೊಸ ಸಂಭವನೀಯತೆಯು ಹಳೆಯದರ ೦.೮ರಿಂದ ೧.೨ ಪಟ್ಟಿನಂಥ ಮಿತಿಯನ್ನು ದಾಟಿದರೆ ಮತ್ತಷ್ಟು ದೂರ ಸರಿಯಲು ಪ್ರೋತ್ಸಾಹ ದೊರೆಯುವುದಿಲ್ಲ. ಇದರೊಡನೆ ಹೊಸ ನಿಯಮವನ್ನು ಹಂತಹಂತವಾಗಿ ಬೆರೆಸುವುದು, ಕಾರ್ಯನೀತಿಯನ್ನು ಕೆಲಕಾಲ ತಡೆಹಿಡಿದು ಮೌಲ್ಯಾಂದಾಜನ್ನು ಮೊದಲು ಹೊಸದಕ್ಕೆ ಹೊಂದಿಸುವುದು, ಸಂಗ್ರಹದಲ್ಲಿರುವ ಹಳೆಯ ಅನುಭವಗಳಿಗೆ ಹೊಸ ನಿಯಮದಂತೆ ಅಂಕಗಳನ್ನು ಮರಳಿ ಎಣಿಸುವುದು ಅಗತ್ಯ.

ಇಷ್ಟೆಲ್ಲ ತೊಡಕಿದ್ದರೆ ಪುರಸ್ಕಾರವನ್ನು ಬದಲಿಸದಿರುವುದೇ ಲೇಸಲ್ಲವೇ ಎಂಬ ಪ್ರಶ್ನೆ ಸಹಜ. ಪಾಲ್ ಕ್ರಿಸ್ಟಿಯಾನೊ ಮತ್ತು ಸಂಗಡಿಗರು ೨೦೧೭ರಲ್ಲಿ ನಡೆಸಿದ ಅಧ್ಯಯನ ಇದಕ್ಕೆ ಉತ್ತರವಾಗಿದೆ. ಮನುಷ್ಯರು ಎರಡು ವರ್ತನೆಗಳನ್ನು ಹೋಲಿಸಿ ಹೇಳಿದ ಒಲವಿನಿಂದಲೇ ಅಲ್ಲಿ ಪುರಸ್ಕಾರದ ಮಾದರಿಯನ್ನು ಕಟ್ಟಲಾಯಿತು. ಯಂತ್ರದ ಕಲಿಕೆಯೊಡನೆ ಆ ಮಾದರಿಯೂ ಪರಿಷ್ಕೃತವಾಗುತ್ತಿತ್ತು. ಪುರಸ್ಕಾರ ಸ್ಥಿರವಲ್ಲವೆಂದು ತಿಳಿದೇ, ಬದಲಾವಣೆಯನ್ನು ತಾಳಬಲ್ಲ ವಿಧಾನಗಳನ್ನು ಅವರು ಆರಿಸಿಕೊಂಡು, ಅಂಕಗಳ ಸರಾಸರಿಯನ್ನು ಸೊನ್ನೆಗೂ ಹರವನ್ನು ಒಂದು ಗೊತ್ತಾದ ಪ್ರಮಾಣಕ್ಕೂ ಹೊಂದಿಸಿದರು. ಮಾದರಿಯ ಪರಿಷ್ಕರಣೆಯನ್ನು ನಿಲ್ಲಿಸಿ ನೋಡಿದಾಗ, ‘ಪಾಂಗ್’ ಆಟದಲ್ಲಿ ಯಂತ್ರವು ಕೆಲವೊಮ್ಮೆ ಸೋಲದೆ, ಗೆಲ್ಲಲೂ ಯತ್ನಿಸದೆ ಚೆಂಡನ್ನು ಕೊನೆಯಿಲ್ಲದಂತೆ ಹಿಂದಿರುಗಿಸುತ್ತಿತ್ತು. ೨೦೨೨ರಲ್ಲಿ ಲಿಯೊ ಗಾವೊ, ಶುಲ್ಮನ್ ಮತ್ತು ಜೇಕಬ್ ಹಿಲ್ಟನ್ ಅವರು ಬದಲಾಗದ ಮಾದರಿಯನ್ನು ಬೆನ್ನಟ್ಟಿದ ಯಂತ್ರದ ಅಂಕ ಏರುತ್ತಿದ್ದರೂ ನಿಜವಾದ ಗುಣಮಟ್ಟ ಒಂದು ಹಂತದ ಬಳಿಕ ಇಳಿಯುವುದನ್ನು ತೋರಿಸಿದರು. ಭಾಷಾಮಾದರಿಗಳನ್ನು ಮಾನವರ ಒಲವಿಗೆ ಹೊಂದಿಸಲು ಇದೇ ಮಾರ್ಗವನ್ನು ಅನುಸರಿಸುತ್ತಿರುವುದರಿಂದ ಈ ಪ್ರಶ್ನೆ ಆಟಗಳಿಗಷ್ಟೇ ಸೀಮಿತವಲ್ಲ.

ಒಟ್ಟಿನಲ್ಲಿ, ಸ್ಥಿರತೆ ಮತ್ತು ಸರಿತನ ಒಂದೇ ಅಲ್ಲ. ಸುತ್ತುತ್ತಿದ್ದ ಸೈಕಲ್ ಸವಾರನ ಕಲಿಕೆಯೂ ತನ್ನ ನಿಯಮಕ್ಕೆ ನಿಷ್ಠವಾಗಿಯೇ ಇತ್ತು. ಆದ್ದರಿಂದ ಪುರಸ್ಕಾರವನ್ನು ತಿದ್ದುವ ಮುನ್ನ ಬದಲಾಗುತ್ತಿರುವುದು ಅಳತೆಯೋ, ಉತ್ತೇಜಕವೋ, ಗುರಿಯೋ ಎಂಬುದನ್ನು ನಿರ್ಧರಿಸಬೇಕು. ತರಬೇತಿಯ ಅಂಕಕ್ಕೆ ಸೇರದ ಒಂದು ಸ್ವತಂತ್ರ ಪರೀಕ್ಷೆಯನ್ನು ಬದಲಿಸದೆ ಕಾಯ್ದಿರಿಸಬೇಕು. ಕಲಿಕೆ ಕುಸಿಯಲಿಲ್ಲವೆಂಬುದನ್ನು ಮಾತ್ರವಲ್ಲದೆ, ಅದು ಸರಿಯಾದ ದಾರಿಯಲ್ಲಿದೆಯೆಂಬುದನ್ನೂ ಅಂಥ ಪರೀಕ್ಷೆಯಿಂದ ಅರಿಯಲು ಸಾಧ್ಯ.