ಟೋಪಿ ಹಾಕುವ ಫ್ರೆಂಚ್ ಕ್ರಿಯಾಪದ



ಮಾಂಟ್ರಿಯಲ್‌ನಲ್ಲಿರುವ ನಮ್ಮಲ್ಲಿ ಬಹಳ ಜನ ಸಂಜೆ ಕ್ಲಾಸಿಗೆ ಹೋಗಿ ಫ್ರೆಂಚ್ ಕಲಿತವರು. 1977ರ ಭಾಷಾ ಕಾನೂನಿನಿಂದಾಗಿ ನಮ್ಮ ಮಕ್ಕಳು ಹೆಚ್ಚಾಗಿ ಫ್ರೆಂಚ್ ಶಾಲೆಯಲ್ಲೇ ಓದುತ್ತಾರೆ. ಬ್ಯಾಂಕಿನ ಪತ್ರ, ಆಫೀಸಿನ ಮೇಲ್, ದಿನಪತ್ರಿಕೆ ಇವನ್ನೆಲ್ಲ ಸಲೀಸಾಗಿ ಓದುವವರು ಕೂಡ ಮಕ್ಕಳ ಜೊತೆ ಕೂತು ಹ್ಯೂಗೋ ಅಥವಾ ಫ್ಲೋಬೇರ್ ಕಾದಂಬರಿ ತೆರೆದರೆ ಒಂದು ಕ್ರಿಯಾರೂಪದ ಹತ್ತಿರ ಎಡವುತ್ತಾರೆ. ಅದರ ಹೆಸರೇ ಹೆದರಿಸುವಂಥದ್ದು: ‘ಪ್ಲ್ಯು ಕ ಪಾರ್ಫೇ ದ್ಯು ಸ್ಯುಬ್‌ಜೋಂಕ್ತಿಫ್’. ಕ್ಲಾಸಿನಲ್ಲಿ ‘ಇದು ನಿಮಗೆ ಬೇಡ’ ಅಂತ ಹಾರಿಸಿಬಿಡುವ ಪಾಠ ಇದು. ಮಾತಾಡಲು ಬೇಡ, ನಿಜ. ಆದರೆ ಓದಲು ಬೇಕು. ಕನ್ನಡ ಬಲ್ಲವರಿಗೆ ಇದು ಅಷ್ಟೇನೂ ಕಷ್ಟವಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೇಗೆ ಅಂತ ನೋಡೋಣ ಬನ್ನಿ.

ಹೆಸರಿನ ಅರ್ಥ

ವ್ಯಾಕರಣದಲ್ಲಿ ‘ಪಾರ್ಫೇ’ ಅಂದರೆ ಮುಗಿದ ಕೆಲಸ. ‘ಪ್ಲ್ಯು ಕ ಪಾರ್ಫೇ’ ಅಂದರೆ ಅದಕ್ಕೂ ಹಿಂದಿನದು, ಹಿಂದೆ ನಡೆದ ಇನ್ನೊಂದು ಸಂಗತಿಗಿಂತ ಮೊದಲೇ ಮುಗಿದದ್ದು. ‘ಸ್ಯುಬ್‌ಜೋಂಕ್ತಿಫ್’ ಎನ್ನುವುದು ನಡೆದದ್ದನ್ನು ನಡೆಯಿತು ಅಂತ ಖಚಿತವಾಗಿ ಹೇಳುವ ರೂಪವಲ್ಲ. ಅನುಮಾನ, ಆಸೆ, ಭಯ, ಕಲ್ಪನೆ ಇಂಥವುಗಳ ಜೊತೆ ಬರುತ್ತದೆ. ನಮ್ಮ ‘ಬಂದಾನು’, ‘ಬರಲಿ’ ಇವುಗಳ ದೂರದ ನೆಂಟ ಅನ್ನಬಹುದು.

ರಚನೆ: ಮೂರೇ ಹೆಜ್ಜೆ

ಹೆಜ್ಜೆ 1. ಸಹಾಯಕ ಕ್ರಿಯಾಪದ ಆರಿಸಿಕೊಳ್ಳಿ. ಹೆಚ್ಚಿನ ಕ್ರಿಯಾಪದಗಳಿಗೆ ‘ಅವ್ವಾರ್’. ಹೋಗು, ಬರು, ಹುಟ್ಟು, ಸಾಯು, ಉಳಿ ಮುಂತಾದ ಕೆಲವಕ್ಕೆ ಮತ್ತು ‘ತನ್ನನ್ನು ತಾನು’ ಎಂಬರ್ಥದ ಕ್ರಿಯಾಪದಗಳಿಗೆ ‘ಎತ್ರ್’. ‘ಪಾಸ್ಸೇ ಕೋಂಪೋಜೇ’ ಕಲಿತವರಿಗೆ ಇದು ಹೊಸದಲ್ಲ.

ಹೆಜ್ಜೆ 2. ಆ ಸಹಾಯಕವನ್ನು ಈ ರೂಪಕ್ಕೆ ತನ್ನಿ.

ನಾನು: ಜ್ಯುಸ್ / ಜ ಫ್ಯುಸ್
ನೀನು: ತ್ಯು ಯುಸ್ / ತ್ಯು ಫ್ಯುಸ್
ಅವನು: ಇಲ್ ಯು / ಇಲ್ ಫ್ಯು
ನಾವು: ನೂಜ್ ಯುಸ್ಯೋಂ / ನೂ ಫ್ಯುಸ್ಯೋಂ
ನೀವು: ವೂಜ್ ಯುಸ್ಯೇ / ವೂ ಫ್ಯುಸ್ಯೇ
ಅವರು: ಇಲ್ಜ್ ಯುಸ್ / ಇಲ್ ಫ್ಯುಸ್

ಹೆಜ್ಜೆ 3. ಮುಂದೆ ಭೂತ ಕೃದಂತ ಸೇರಿಸಿ: ಪಾರ್ಲೇ, ಫಿನಿ, ವೆನ್ಯು. ಮುಗಿಯಿತು! ‘ಇಲ್ ಯು ಪಾರ್ಲೇ’, ‘ಇಲ್ ಫ್ಯು ವೆನ್ಯು’. ನಿಷೇಧ ಬೇಕಾದರೆ ಸಹಾಯಕದ ಎರಡೂ ಪಕ್ಕಕ್ಕೆ ‘ನ’ ಮತ್ತು ‘ಪಾ’ ಇಡಿ: ‘ಇಲ್ ನ್ಯು ಪಾ ಫಿನಿ’. ಎತ್ರ್ ಜೊತೆ ಬಂದಾಗ ಕೃದಂತ ಸಾಮಾನ್ಯವಾಗಿ ಕರ್ತೃವಿನ ಲಿಂಗ, ವಚನಕ್ಕೆ ಹೊಂದಿಕೊಳ್ಳುತ್ತದೆ.

ನಮ್ಮ ಲಿಪಿಯಲ್ಲಿ ಬರೆದ ಉಚ್ಚಾರ ಅಂದಾಜಿನದು ಮಾತ್ರ. ‘ಯು’ ಅಂತ ಬರೆದಿರುವ ಕಡೆ ಬಾಯಿಯನ್ನು ‘ಉ’ ಅನ್ನುವಂತೆ ದುಂಡಗೆ ಮಾಡಿ ಒಳಗಿನಿಂದ ‘ಈ’ ಅನ್ನಿ, ಸರಿಯಾದ ಧ್ವನಿ ಬರುತ್ತದೆ. ‘ಜ್ಯುಸ್’ ಓದಿದಾಗ ಕಿತ್ತಳೆ ಹಣ್ಣಿನ ನೆನಪಾದರೆ ಆಗಲಿ, ಪಾಠ ಮರೆಯುವುದಿಲ್ಲ.

ಮೊದಲ ಕೆಲಸ: ಅಧೀನ ವಾಕ್ಯದಲ್ಲಿ

ಮುಖ್ಯ ವಾಕ್ಯ ಭೂತಕಾಲದಲ್ಲಿದ್ದು, ಅನುಮಾನಪಟ್ಟ ಅಥವಾ ಭಯಪಟ್ಟ ಸಂಗತಿ ಅದಕ್ಕೂ ಮೊದಲಿನದಾದರೆ ಈ ರೂಪ ಬರುತ್ತದೆ.

‘ಎಲ್ ದೂತೇ ಕಿಲ್ ಯು ಫಿನಿ’: ಅವನು ಮುಗಿಸಿದ್ದಾನೆಯೇ ಅಂತ ಅವಳಿಗೆ ಅನುಮಾನವಿತ್ತು.

‘ಆದರೂ’ ಎಂಬರ್ಥದ ‘ಬ್ಯಾಂ ಕ’ ನಂತರವೂ ಹೀಗೇ. ‘ಬ್ಯಾಂ ಕಿಲ್ ಯು ಮಾಂಜೇ, ಇಲ್ ಆವೇ ಫ್ಯಾಂ’ ಅಂದರೆ ‘ಊಟ ಮಾಡಿದ್ದರೂ ಅವನಿಗೆ ಹಸಿವಿತ್ತು’. ನಮ್ಮ ‘ಮಾಡಿದ್ದರೂ’ ಎಂಬ ಒಂದೇ ಪದದಲ್ಲಿ ‘ಮೊದಲೇ ಮುಗಿದಿತ್ತು’ ಮತ್ತು ‘ಆದರೂ’ ಎರಡೂ ಕೂತಿವೆ.

ಎರಡನೇ ಕೆಲಸ: ಆಗದೇ ಹೋದದ್ದು

ಹಳೆಯ ಪುಸ್ತಕ ಓದುವವರಿಗೆ ಹೆಚ್ಚು ಮುಖ್ಯವಾದದ್ದು ಇದು. ಪರದೇಶದಲ್ಲಿರುವ ನಮ್ಮ ವಾರಾಂತ್ಯದ ಊಟಗಳಲ್ಲಿ ‘ಊರಲ್ಲೇ ಉಳಿದಿದ್ದರೆ ಒಂದು ಮನೆ ಕಟ್ಟುತ್ತಿದ್ದೆವು’ ಅನ್ನುವ ಮಾತು ಬಾರದೇ ಇರುವುದಿಲ್ಲ. ಉಳಿಯಲಿಲ್ಲ, ಕಟ್ಟಲೂ ಇಲ್ಲ. ಇಂದಿನ ಫ್ರೆಂಚ್‌ನಲ್ಲಿ ಅದು ಹೀಗೆ:

‘ಸಿ ನೂಜ್ ಎತ್ಯೋಂ ರೆಸ್ತೇ ಓ ಪೇಯೀ, ನೂಜ್ ಒರ್ಯೋಂ ಬಾತಿ ಯುನ್ ಮೇಜೋಂ.’

ಸಾಹಿತ್ಯದ ಫ್ರೆಂಚ್‌ನಲ್ಲಿ ಎರಡೂ ಭಾಗಗಳಿಗೆ ನಮ್ಮ ಈ ಒಂದೇ ರೂಪ ಹಾಕಬಹುದು:

‘ಸಿ ನೂ ಫ್ಯುಸ್ಯೋಂ ರೆಸ್ತೇ ಓ ಪೇಯೀ, ನೂಜ್ ಯುಸ್ಯೋಂ ಬಾತಿ ಯುನ್ ಮೇಜೋಂ.’

ಅಧೀನ ವಾಕ್ಯದ ರೂಪ ಮುಖ್ಯ ವಾಕ್ಯದಲ್ಲೂ ಬಂದಿದೆಯಲ್ಲ ಅಂತ ಕೇಳಬಹುದು. ಕನ್ನಡದ ‘ಕಟ್ಟುತ್ತಿದ್ದೆವು’ ನೋಡಿ. ಒಂಟಿಯಾಗಿ ನಿಂತರೆ ‘ಕಟ್ಟುವ ರೂಢಿಯಿತ್ತು’ ಅಂತ ಅರ್ಥ. ಹಿಂದೆ ‘ಉಳಿದಿದ್ದರೆ’ ಬಂದ ಕೂಡಲೇ ‘ಕಟ್ಟಲಿಲ್ಲ’ ಅಂತ ಅರ್ಥ. ಒಂದು ರೂಪ, ಎರಡು ಕೆಲಸ. ಅಕ್ಕಪಕ್ಕ ನೋಡಿ ತೀರ್ಮಾನಿಸುತ್ತೇವೆ. ಫ್ರೆಂಚ್‌ನಲ್ಲೂ ಹಾಗೇ ಮಾಡಬೇಕು. ಹಿಂದೆ ‘ಕ’ ಇದ್ದರೆ ಸಾಮಾನ್ಯವಾಗಿ ಮೊದಲ ಕೆಲಸ. ‘ಸಿ’ ಇದ್ದರೆ ಅಥವಾ ಮುಖ್ಯ ವಾಕ್ಯದಲ್ಲೇ ಬಂದರೆ ಎರಡನೆಯದು.

ಎರಡೂ ಭಾಗ ಹೀಗೇ ಇರಬೇಕೆಂದೇನೂ ಇಲ್ಲ. ತತ್ವಜ್ಞಾನಿ, ಗಣಿತಜ್ಞ ಬ್ಲೇಸ್ ಪ್ಯಾಸ್ಕಲ್ ಕ್ಲಿಯೋಪಾತ್ರಳ ಮೂಗಿನ ಬಗ್ಗೆ ಹೇಳಿದ ಪ್ರಸಿದ್ಧ ಮಾತಿದೆಯಲ್ಲ, ಅದರ ‘ರೆ’ ಭಾಗ ಮಾತ್ರ ಈ ರೂಪದಲ್ಲಿದೆ, ಉಳಿದರ್ಧ ಸಾಮಾನ್ಯ ರೂಪದಲ್ಲಿದೆ. ಆ ಮಾತಿರುವ ‘ಪಾಂಸೇ’ ಅವನು ತೀರಿಕೊಂಡ ಮೇಲೆ, 1670ರಲ್ಲಿ ಅಚ್ಚಾಯಿತು. ಎಂಜಿನಿಯರಿಂಗ್ ಓದಿದವರಿಗೆ ಗೊತ್ತಿರುವ ಪ್ಯಾಸ್ಕಲ್ ಕಂಪ್ಯೂಟರ್ ಭಾಷೆಗೆ ನಿಕ್ಲಾಸ್ ವಿರ್ತ್ 1970ರಲ್ಲಿ ಇಟ್ಟದ್ದು ಇವನದೇ ಹೆಸರು.

ಟೋಪಿಯ ವಿಷಯ

ಕಾದಂಬರಿಗಳಲ್ಲಿ ಹೆಚ್ಚಾಗಿ ಸಿಗುವುದು ಅವನು/ಅವಳು ರೂಪ. ಅಲ್ಲೇ ಇರುವುದು ತೊಡಕು. ‘ಇ-ಯು-ಟಿ’ ಎಂಬ ಮೂರು ಅಕ್ಷರಗಳಲ್ಲಿ ಯು ಮೇಲೆ ಟೋಪಿ ಇದ್ದರೆ ಅದು ನಮ್ಮ ರೂಪ. ಟೋಪಿ ಇಲ್ಲದಿದ್ದರೆ ನಿಜವಾಗಿ ನಡೆದದ್ದರ ವರದಿ: ‘ಕಾಂತ್ ಇಲ್ ಯು ಫಿನಿ, ಇಲ್ ಸೋರ್ತಿ’, ಅಂದರೆ ‘ಮುಗಿಸಿದ ಮೇಲೆ ಹೊರಗೆ ಹೋದ’. ಕಿವಿಗೆ ಎರಡೂ ಒಂದೇ, ಕನ್ನಡ ಲಿಪಿಯಲ್ಲೂ ಒಂದೇ. ಕಣ್ಣಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಕೋಡ್‌ನಲ್ಲಿ ಒಂದು ಚುಕ್ಕೆ ಬಿಟ್ಟುಹೋದ ಹಾಗೆ, ಈ ಟೋಪಿ ತಪ್ಪಿದರೆ ‘ಆಗಬಹುದಿತ್ತು’ ಎಂಬುದು ‘ಆಯಿತು’ ಆಗಿಬಿಡುತ್ತದೆ.

ಬರೆಯುವಾಗ ಅನುಮಾನ ಬಂದರೆ ಕರ್ತೃವನ್ನು ಬಹುವಚನ ಮಾಡಿ ನೋಡಿ. ‘ಯುಸ್’ ಬಂದರೆ ಟೋಪಿ ಬೇಕು, ‘ಯೂರ್’ ಬಂದರೆ ಬೇಡ.

ಈ ಟೋಪಿ ಬಿದ್ದುಹೋದ ಒಂದು ‘ಎಸ್’ ಅಕ್ಷರದ ಗುರುತು. ಇಂಗ್ಲಿಷಿನ ಹಾಸ್ಪಿಟಲ್, ಫಾರೆಸ್ಟ್ ಪದಗಳಲ್ಲಿ ಎಸ್ ಉಳಿದಿದೆ. ಫ್ರೆಂಚ್‌ನ ಓಪಿತಾಲ್, ಫೋರೇ ಪದಗಳಲ್ಲಿ ಅದು ಹೋಗಿ ಟೋಪಿ ಬಂದಿದೆ. 1990ರ ಕಾಗುಣಿತ ಸುಧಾರಣೆ ಐ ಮತ್ತು ಯು ಮೇಲಿನ ಟೋಪಿಯನ್ನು ಎಷ್ಟೋ ಪದಗಳಲ್ಲಿ ಬಿಡಬಹುದು ಅಂದಿತು. ಆದರೆ ಈ ಕ್ರಿಯಾರೂಪಗಳಲ್ಲಿ ಉಳಿಸಿಕೊಂಡಿತು. ಇಲ್ಲಿ ಟೋಪಿ ಶೃಂಗಾರಕ್ಕಲ್ಲ, ಅರ್ಥಕ್ಕೆ.

ಈಗ ಯಾರು ಬಳಸುತ್ತಾರೆ?

ಮಾತಿನಲ್ಲಿ ಯಾರೂ ಇಲ್ಲ ಅಂದರೂ ನಡೆದೀತು. ಮೊದಲ ಕೆಲಸಕ್ಕೆ ಈಗ ‘ಕಿಲ್ ಎ ಫಿನಿ’ ಎಂಬ ಸರಳ ರೂಪ ಸಾಕು. ಫ್ರಾನ್ಸಿನ ಶಿಕ್ಷಣ ಸಚಿವಾಲಯವೇ 1976ರ ಡಿಸೆಂಬರ್ 28ರ ಆದೇಶದಲ್ಲಿ, ಪರೀಕ್ಷೆಯಲ್ಲಿ ಹೀಗೆ ಬರೆದರೆ ತಪ್ಪೆಂದು ಎಣಿಸಬಾರದು ಅಂದಿದೆ. ಅಂಗಡಿಯಲ್ಲಿ ‘ಜ್ಯುಸ್ ಎಮೇ’ ಅಂದರೆ ಹಳಗನ್ನಡದಲ್ಲಿ ಕೊತ್ತಂಬರಿ ಸೊಪ್ಪು ಕೇಳಿದ ಹಾಗಾಗುತ್ತದೆ; ಫ್ರೆಂಚರು ಅದನ್ನು ತಮಾಷೆಗೆ ಅನ್ನುವುದುಂಟು. ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಾದರೆ ಇದರ ಸೋದರ ರೂಪಗಳು ಇವತ್ತಿಗೂ ದಿನನಿತ್ಯದ ಮಾತಿನಲ್ಲಿವೆ.

ಬರಹದ ಫ್ರೆಂಚ್‌ನಲ್ಲಿ ಎರಡು ನುಡಿಗಟ್ಟು ಉಳಿದಿವೆ, ನೆನಪಿಟ್ಟುಕೊಳ್ಳಿ. ‘ನ್ಯುತ್ ಎತೇ’ ಅಂದರೆ ‘ಅದೊಂದು ಇಲ್ಲದಿದ್ದಿದ್ದರೆ’. ‘ಓನ್ ಯು ದಿ’ ಅಂದರೆ ‘ನೋಡಿದವರು ಹಾಗೆಂದೇ ಅನ್ನುತ್ತಿದ್ದರು’.

ಒಂದು ಪುಟ್ಟ ಅಭ್ಯಾಸ

ಮೊದಲ ಕೆಲಸವೋ, ಎರಡನೆಯದೋ, ಟೋಪಿ ಇಲ್ಲದ್ದೋ, ಹೇಳಿ:

1. ಸಾಂ ವೂ, ಜ್ಯುಸ್ ಪೆರ್ದ್ಯು ಮೋಂ ಶ್ಮ್ಯಾಂ.
2. ದೇ ಕಿಲ್ ಯು ಮಾಂಜೇ, ಇಲ್ ಪಾರ್ತಿ. (‘ದೇ ಕ’ ಅಂದರೆ ‘ಕೂಡಲೇ’)
3. ಬ್ಯಾಂ ಕೆಲ್ ಫ್ಯು ಪಾರ್ತಿ, ಲಾ ಲಾಂಪ್ ಬ್ರ್ಯುಲೇ.

ಉತ್ತರಗಳು: (1) ಎರಡನೆಯದು: ನೀವಿಲ್ಲದಿದ್ದರೆ ನಾನು ದಾರಿ ತಪ್ಪುತ್ತಿದ್ದೆ. (2) ಟೋಪಿ ಇಲ್ಲದ್ದು: ಊಟ ಮಾಡಿದ ಕೂಡಲೇ ಹೊರಟ. ಇಲ್ಲಿ ‘ಕ’ ಇದ್ದರೂ ಅನುಮಾನವಿಲ್ಲ, ನಿಜವಾಗಿ ನಡೆದದ್ದು. (3) ಮೊದಲನೆಯದು: ಅವಳು ಹೊರಟುಹೋಗಿದ್ದರೂ ದೀಪ ಉರಿಯುತ್ತಿತ್ತು.

ಮೂರೂ ಸರಿಯಾದರೆ ಲೈಬ್ರರಿಗೆ ಹೋಗಿ ಒಂದು ಹಳೆಯ ಕಾದಂಬರಿ ತಂದು ಮಕ್ಕಳ ಜೊತೆ ಓದಿ. ಟೋಪಿ ಕಂಡ ಕಡೆ ಕನ್ನಡದ ‘ಇದ್ದರೆ’, ‘ಇದ್ದರೂ’ ಹಾಕಿ ನೋಡಿ, ಹೆಚ್ಚಿನ ಕಡೆ ವಾಕ್ಯ ತಾನೇ ಬಿಚ್ಚಿಕೊಳ್ಳುತ್ತದೆ.